ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಹೆರಿಗೆ: ಸೂಲಗಿತ್ತಿಯ ಜೊತೆ ಕೂತು ಯೋಜನೆ ಮಾಡುವುದು ಹೇಗೆ

ನಮ್ಮ ಮೊದಲ ಮಗುವಿಗಾಗಿ ಮಂಚದ ನಾಲ್ಕೂ ಕಾಲುಗಳಡಿ ದಿಮ್ಮಿ ಇಟ್ಟು ಎತ್ತರಿಸಿ, ಹಾಸಿಗೆಗೆ ಪ್ಲಾಸ್ಟಿಕ್ ಹಾಸಿ, ಬಿಸಿನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದೆವು. ಆ ಮಂಚದಲ್ಲಿ ಹೆರಿಗೆ ಆಗಲೇ ಇಲ್ಲ. ರಾತ್ರಿ ಎರಡು ಗಂಟೆಗೆ ನೀರು ಒಡೆಯಿತು, ಬಣ್ಣ ಹಸಿರಾಗಿತ್ತು. ಸೂಲಗಿತ್ತಿ ಬಂದು ನೋಡಿ, ಮಗುವಿನ ಎದೆಬಡಿತ ಕೇಳಿ, ಆಸ್ಪತ್ರೆಗೆ ಫೋನ್ ಮಾಡಿದರು. ಮುಕ್ಕಾಲು ಗಂಟೆಯೊಳಗೆ ನಾವು ಅಲ್ಲಿದ್ದೆವು. ಮೂರು ವರ್ಷಗಳ ನಂತರ ಎರಡನೆಯ ಮಗು ಅದೇ ಕೋಣೆಯಲ್ಲಿ, ಮಂಚದ ಪಕ್ಕದ ನೆಲದ ಮೇಲೆ ಹುಟ್ಟಿತು. ಮಂಚ ಆಗಲೂ ಖಾಲಿಯೇ ಇತ್ತು. ಆದರೂ ಎರಡೂ ಹೆರಿಗೆಗಳು ನಮ್ಮ ಯೋಜನೆಯ ಪ್ರಕಾರವೇ ನಡೆದವು ಎಂದು ನಾನು ಹೇಳುತ್ತೇನೆ. ಮನೆಹೆರಿಗೆಯ ಯೋಜನೆಯಲ್ಲಿ ಮುಕ್ಕಾಲು ಪಾಲು, ಮನೆ ಬಿಟ್ಟು ಹೊರಡುವುದು ಯಾವಾಗ, ಹೇಗೆ ಎಂಬುದೇ ಆಗಿರುತ್ತದೆ.

ಕೆಲಸಕ್ಕೆಂದು ನೆದರ್‌ಲ್ಯಾಂಡ್ಸ್‌ಗೆ ಬಂದು ಇಲ್ಲಿಯೇ ಬಸುರಾದ ಕನ್ನಡದ ಹೆಣ್ಣುಮಕ್ಕಳಿಗಾಗಿ, ಅವರ ಗಂಡಂದಿರಿಗಾಗಿ ಇದನ್ನು ಬರೆದಿದ್ದೇನೆ. ನಾನು ವೈದ್ಯೆಯಲ್ಲ. ಇಲ್ಲಿರುವ ಯಾವುದಕ್ಕೂ ನಿಮ್ಮ ಸೂಲಗಿತ್ತಿಯ ಮಾತೇ ಅಂತಿಮ.

ಇಲ್ಲಿ ಸಾಧ್ಯವಾದದ್ದು ಊರಿನಲ್ಲಿ ಏಕೆ ಆಗದು

ಇಲ್ಲಿನ ಸೂಲಗಿತ್ತಿಯನ್ನು ‘ವೆರ್ಲೋಸ್‌ಕುಂಡಿಗೆ’ ಎನ್ನುತ್ತಾರೆ. ಆ ಪದವನ್ನು ಫೋನಿನಲ್ಲಿ ಮೊದಲ ಸಲ ಕೇಳಿದ ನಮ್ಮ ಅಮ್ಮ ಐದು ನಿಮಿಷ ನಕ್ಕರು. ಹಾಗಾಗಿ ಮನೆಯಲ್ಲಿ ‘ಸೂಲಗಿತ್ತಿ’ ಎಂದೇ ಉಳಿಸಿಕೊಂಡೆವು. ಆದರೆ ಎರಡೂ ಒಂದೇ ಅಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಯಾವ ಶಾಲೆಗೂ ಹೋಗದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಇಲ್ಲಿನ ಸೂಲಗಿತ್ತಿ ನಾಲ್ಕು ವರ್ಷದ ಪದವಿ ಓದಿ, ಸರ್ಕಾರಿ ನೋಂದಣಿ ಪಡೆದು, ವೈದ್ಯರ ಕೈಕೆಳಗೆ ಅಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುತ್ತಾರೆ. ಆಮ್ಲಜನಕ, ರಕ್ತಸ್ರಾವ ನಿಲ್ಲಿಸುವ ಚುಚ್ಚುಮದ್ದು, ಡ್ರಿಪ್ ಹಾಕುವ ಸಾಮಾನು, ಮಗುವಿಗೆ ಉಸಿರು ಕೊಡುವ ಚೀಲ, ಹೊಲಿಗೆಯ ಸಾಮಾನು ಎಲ್ಲವೂ ಅವರ ಕಾರಿನಲ್ಲಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಫೋನ್ ಮಾಡಿದರೆ ಆಸ್ಪತ್ರೆ ಪ್ರಶ್ನೆ ಕೇಳದೆ ಬಾಗಿಲು ತೆರೆಯುತ್ತದೆ.

ಕರ್ನಾಟಕದಲ್ಲಿ ಆ ಕೊಂಡಿ ಇಲ್ಲ. 2018ರಲ್ಲಿ ಭಾರತ ಸರ್ಕಾರ ಸೂಲಗಿತ್ತಿ ಸೇವೆಗೆ ಮಾರ್ಗಸೂಚಿ ತಂದು, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಶುರು ಮಾಡಿತು. ಆದರೆ ಅವರ ಕೆಲಸದ ಜಾಗ ಆಸ್ಪತ್ರೆಯ ಒಳಗೇ, ಮನೆಯಲ್ಲಲ್ಲ. ಆದ್ದರಿಂದ ಇದನ್ನು ಓದಿ ಊರಿನಲ್ಲಿ ಹಾಗೆಯೇ ಮಾಡಲು ಹೊರಡಬೇಡಿ. ಸೂಲಗಿತ್ತಿ ಎಷ್ಟೇ ಜಾಣೆಯಾದರೂ, ಕರೆದಾಗ ಬರುವ ಆಂಬುಲೆನ್ಸ್, ಕಾದಿರುವ ವೈದ್ಯರು ಬೆನ್ನಿಗಿಲ್ಲದ ಮನೆಹೆರಿಗೆಗೆ ನಾನು ಬೆಂಬಲ ಕೊಡುವುದಿಲ್ಲ.

ಇಲ್ಲಿಯೂ ಮನೆಹೆರಿಗೆ ಈಗ ಬಹುಪಾಲು ಜನರ ಆಯ್ಕೆಯಲ್ಲ. 1960ರ ದಶಕದಲ್ಲಿ ಮೂರು ಹೆರಿಗೆಗಳಲ್ಲಿ ಎರಡು ಮನೆಯಲ್ಲೇ ಆಗುತ್ತಿದ್ದವು. ಇಂದು ಆರೇಳರಲ್ಲಿ ಒಂದು. 2009ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು 5,29,688 ಕಡಿಮೆ ಅಪಾಯದ ಬಸುರಿಯರ ದಾಖಲೆ ನೋಡಿ, ಮನೆಯಲ್ಲಿ ಹೆರಲು ಯೋಜಿಸಿದವರಿಗೂ ಆಸ್ಪತ್ರೆಯಲ್ಲಿ ಸೂಲಗಿತ್ತಿಯೊಂದಿಗೆ ಹೆರಲು ಯೋಜಿಸಿದವರಿಗೂ ಮಗುವಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ‘ಕಡಿಮೆ ಅಪಾಯದ’ ಎಂಬ ಪದವನ್ನು ಎರಡು ಸಲ ಓದಿ. ಅಮ್ಮನಿಗೆ, ಅತ್ತೆಗೆ ವಾಟ್ಸಾಪ್‌ನಲ್ಲಿ ಈ ಅಂಕಿ ಕಳುಹಿಸುವಾಗ ಆ ಪದವನ್ನು ಬಿಟ್ಟುಬಿಡುವ ಆಸೆಯಾಗುತ್ತದೆ. ನನಗೂ ಆಗಿತ್ತು.

ಮೊದಲ ಹೆಜ್ಜೆ: ನಿಮ್ಮ ದೇಹ ಇದಕ್ಕೆ ಒಪ್ಪುತ್ತದೆಯೇ

ಡಚ್ ಸೂಲಗಿತ್ತಿಯರ, ವೈದ್ಯರ ನಡುವೆ ಒಪ್ಪಿತವಾದ ಒಂದು ಪಟ್ಟಿ ಇದೆ. ಯಾವ ಬಸುರಿಯನ್ನು ಸೂಲಗಿತ್ತಿ ನೋಡಿಕೊಳ್ಳಬಹುದು, ಯಾರನ್ನು ಆಸ್ಪತ್ರೆಯ ತಜ್ಞರಿಗೆ ಒಪ್ಪಿಸಬೇಕು ಎಂದು ಅದು ಹೇಳುತ್ತದೆ. ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ ಆಗಿರುವುದು, ರಕ್ತದೊತ್ತಡ, ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ, ಹಿಂದಿನ ಹೆರಿಗೆಯಲ್ಲಿ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಿರುವುದು, ಮಗು ಕಾಲು ಕೆಳಗೆ ಮಾಡಿ ಕೂತಿರುವುದು, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಯೇ. 37 ವಾರ ತುಂಬುವ ಮೊದಲು ಅಥವಾ 42 ವಾರ ದಾಟಿದ ಮೇಲೆ ನೋವು ಬಂದರೂ ಅಷ್ಟೇ.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ದಕ್ಷಿಣ ಏಷ್ಯಾದ ಹೆಂಗಸರಿಗೆ ಬಸುರಿನಲ್ಲಿ ಸಕ್ಕರೆ ಏರುವುದು ಹೆಚ್ಚು. ಆದ್ದರಿಂದ 24ರಿಂದ 28ನೇ ವಾರದ ನಡುವೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ನಿಮಗೆ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ. ಸಕ್ಕರೆ ಬಂದರೆ, ಪಥ್ಯದಲ್ಲೇ ಹಿಡಿತಕ್ಕೆ ಬರುವವರನ್ನು ಕೆಲವು ಕಡೆ ಸೂಲಗಿತ್ತಿಯೇ ಮುಂದುವರಿಸಿಕೊಳ್ಳುತ್ತಾರೆ. ಎರಡನೆಯದು ರಕ್ತಹೀನತೆ. ಇಲ್ಲಿ ಹಿಮೋಗ್ಲೋಬಿನ್ನನ್ನು ಬೇರೆ ಮಾಪನದಲ್ಲಿ ಬರೆಯುತ್ತಾರೆ. ನನ್ನ ಮೊದಲ ವರದಿಯಲ್ಲಿ 7 ಎಂದಿತ್ತು, ನಾನು ಅತ್ತುಬಿಟ್ಟೆ. ಅದನ್ನು 1.6ರಿಂದ ಗುಣಿಸಿದರೆ ನಮ್ಮ ಲೆಕ್ಕದ 11 ಸಿಗುತ್ತದೆ ಎಂದು ಸೂಲಗಿತ್ತಿ ಕಾಗದದ ಅಂಚಿನಲ್ಲಿ ಬರೆದು ತೋರಿಸಿದರು.

ನಿಮಗೆ ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಚುಚ್ಚುಮದ್ದು) ಖಂಡಿತ ಬೇಕು ಎಂದಾದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಅದು ಮನೆಯಲ್ಲಿ ಸಾಧ್ಯವಿಲ್ಲ. ಬಿಸಿನೀರಿನ ಸ್ನಾನ, ಬಾಡಿಗೆಗೆ ಸಿಗುವ ನೀರಿನ ತೊಟ್ಟಿ, ಬೆನ್ನುಜ್ಜುವ ಕೈ, ಇಂಥವೇ ಮನೆಯ ನೋವುನಿವಾರಕಗಳು.

8ನೇ ವಾರದೊಳಗೆ: ಸೂಲಗಿತ್ತಿಯನ್ನು ಹುಡುಕುವುದು

ಬಸುರು ಖಚಿತವಾದ ಕೂಡಲೇ ಮನೆಯ ಸಮೀಪದ ಸೂಲಗಿತ್ತಿಯರ ಕ್ಲಿನಿಕ್‌ಗೆ ನೀವೇ ಫೋನ್ ಮಾಡಬೇಕು. ಕುಟುಂಬ ವೈದ್ಯರ ಚೀಟಿ ಬೇಕಿಲ್ಲ. ಮೊದಲ ಭೇಟಿ ಸಾಮಾನ್ಯವಾಗಿ 8ರಿಂದ 10ನೇ ವಾರದಲ್ಲಿ. ಅವರ ಸೇವೆಯೆಲ್ಲ ಮೂಲ ಆರೋಗ್ಯ ವಿಮೆಯಲ್ಲೇ ಬರುತ್ತದೆ, ವರ್ಷಕ್ಕೆ ಮೊದಲ 385 ಯೂರೊ ಖರ್ಚನ್ನು ನೀವೇ ಭರಿಸಬೇಕೆಂಬ ‘ಐಖನ್ ರಿಸಿಕೊ’ ನಿಯಮವೂ ಅದಕ್ಕಿಲ್ಲ. ಆದರೆ ರಕ್ತಪರೀಕ್ಷೆ, ಆಂಬುಲೆನ್ಸ್ ಆ ನಿಯಮದೊಳಗೆ ಬರುತ್ತವೆ. ವೈದ್ಯಕೀಯ ಕಾರಣವಿಲ್ಲದೆ ನಿಮ್ಮ ಇಷ್ಟದಿಂದ ಆಸ್ಪತ್ರೆಯ ಕೋಣೆಯಲ್ಲಿ ಹೆರಲು ಹೊರಟರೆ ಕೈಯಿಂದ ನೂರಾರು ಯೂರೊ ಕೊಡಬೇಕಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಣ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಮನೆಹೆರಿಗೆ ಆರಿಸಿಕೊಂಡ ಒಂದಿಬ್ಬರನ್ನು ನೋಡಿದ್ದೇನೆ. ಆ ಕಾರಣವೊಂದೇ ಸಾಕಾಗುವುದಿಲ್ಲ.

ಕ್ಲಿನಿಕ್‌ಗಳಲ್ಲಿ ಮೂರು, ನಾಲ್ಕು, ಕೆಲವು ಕಡೆ ಏಳೆಂಟು ಸೂಲಗಿತ್ತಿಯರಿರುತ್ತಾರೆ. ಸರದಿಯಲ್ಲಿ ಯಾರಿರುತ್ತಾರೋ ಅವರೇ ನಿಮ್ಮ ಹೆರಿಗೆಗೆ ಬರುತ್ತಾರೆ. ಒಬ್ಬರನ್ನು ಇಷ್ಟಪಟ್ಟು ಇನ್ನೊಬ್ಬರು ಬಾಗಿಲಲ್ಲಿ ನಿಂತಾಗ ಬೇಸರವಾಗದಿರಲಿ ಎಂದು, ಬಸುರಿನ ಒಂಬತ್ತು ತಿಂಗಳಲ್ಲಿ ಎಲ್ಲರನ್ನೂ ಒಮ್ಮೆ ಭೇಟಿಯಾಗುವ ಹಾಗೆ ದಿನಾಂಕಗಳನ್ನು ಕೇಳಿ ಪಡೆಯಿರಿ.

‘ಬೆಂಬಲ ಕೊಡುವ ಸೂಲಗಿತ್ತಿ’ ಎಂದರೆ ಯಾರು? ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಲ್ಲ. ಮೊದಲ ಭೇಟಿಯಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಒಂದೇ ಒಂದು ನಿಜವಾಗಿ ಉಪಯೋಗಕ್ಕೆ ಬಂತು: ‘ನೀವು ನನಗೆ ಯಾವಾಗ ಬೇಡ ಎನ್ನುತ್ತೀರಿ?’ ನಮ್ಮ ಸೂಲಗಿತ್ತಿ ಬೆರಳು ಮಡಿಸುತ್ತಾ ಉತ್ತರ ಹೇಳಿದರು: ಮಗು ಹೊಟ್ಟೆಯಲ್ಲೇ ಮಲ ವಿಸರ್ಜಿಸಿ ನೀರಿನ ಬಣ್ಣ ಬದಲಾದರೆ, ನೀರು ಒಡೆದು ಒಂದು ದಿನವಾದರೂ ನೋವು ಹಿಡಿಯದಿದ್ದರೆ, ಗರ್ಭಕಂಠ ತೆರೆಯುವುದು ಗಂಟೆಗಟ್ಟಲೆ ನಿಂತುಹೋದರೆ, ಮಗುವಿನ ಎದೆಬಡಿತ ಇಳಿದರೆ, ನಿಮಗೆ ಜ್ವರ ಬಂದರೆ, ನೀವೇ ಸಾಕು ಎಂದರೆ. ಆ ಕೊನೆಯ ಕಾರಣವನ್ನು ಸೇರಿಸಿದ್ದಕ್ಕೇ ಅವರನ್ನು ಆರಿಸಿಕೊಂಡೆ. ಇದೇ ಪ್ರಶ್ನೆಗೆ ‘ಚಿಂತೆ ಮಾಡಬೇಡಿ, ಎಲ್ಲ ಸರಿಯಾಗುತ್ತದೆ’ ಎಂದಷ್ಟೇ ಉತ್ತರ ಬಂದರೆ ಬೇರೆ ಕ್ಲಿನಿಕ್ ನೋಡಿ.

ಇನ್ನು ಕೇಳಬೇಕಾದವು ಕೆಲವಿವೆ. ನಮ್ಮ ಮನೆಗೆ ನೀವು ಎಷ್ಟು ನಿಮಿಷದಲ್ಲಿ ತಲುಪುತ್ತೀರಿ? ಒಂದೇ ರಾತ್ರಿ ಇಬ್ಬರಿಗೆ ನೋವು ಬಂದರೆ ಯಾರು ಬರುತ್ತಾರೆ? ಹತ್ತಿರದ ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ ಎಲ್ಲಿಗೆ? (ಇದು ನಿಜವಾಗಿ ಆಗುತ್ತದೆ, ಪಕ್ಕದ ಊರಿಗೆ ಕಳುಹಿಸುತ್ತಾರೆ.) ಆಸ್ಪತ್ರೆಗೆ ಹೋದ ಮೇಲೆ ನೀವು ಜೊತೆಗಿರುತ್ತೀರಾ, ಒಪ್ಪಿಸಿ ಹೊರಡುತ್ತೀರಾ?

16ನೇ ವಾರದೊಳಗೆ: ವಿಮೆ ಕೊಡುವ ಬಾಣಂತನ

ನೆದರ್‌ಲ್ಯಾಂಡ್ಸ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ವ್ಯವಸ್ಥೆ ‘ಕ್ರಾಮ್‌ಜೋರ್ಗ್’. ಅಪ್ಪಟ ಬಾಣಂತನ. ತರಬೇತಿ ಪಡೆದ ಸಹಾಯಕಿಯೊಬ್ಬರು ಹೆರಿಗೆಯ ನಂತರ ಎಂಟರಿಂದ ಹತ್ತು ದಿನ ಮನೆಗೆ ಬಂದು ತಾಯಿ–ಮಗುವನ್ನು ನೋಡಿಕೊಳ್ಳುತ್ತಾರೆ. ಮನೆಹೆರಿಗೆಯಲ್ಲಿ, ಮಗು ಬರುವ ಹೊತ್ತಿಗೆ ಸೂಲಗಿತ್ತಿಯ ಕೈಯಾಳಾಗಿಯೂ ಇವರೇ ಬರುತ್ತಾರೆ. ಒಟ್ಟು ಕನಿಷ್ಠ 24, ಸಾಮಾನ್ಯವಾಗಿ 49, ಹೆಚ್ಚೆಂದರೆ 80 ಗಂಟೆ. ಮೂಲ ವಿಮೆ ಇದನ್ನು ಕೊಡುತ್ತದೆ, ಗಂಟೆಗೆ ಕೆಲವು ಯೂರೊ ಮಾತ್ರ ನಿಮ್ಮದು.

ಸಹಾಯಕಿಯರ ಕೊರತೆ ಇರುವುದರಿಂದ ಬೇಗ ಹೆಸರು ಬರೆಸಬೇಕು. 16ನೇ ವಾರ ದಾಟಿದರೆ ಬೇಸಿಗೆ ರಜೆಯ ತಿಂಗಳುಗಳಲ್ಲಿ ಸಿಗುವುದು ಕಷ್ಟ. ‘ಅಮ್ಮ ಬರುತ್ತಾರಲ್ಲ, ಇದೆಲ್ಲ ಏಕೆ’ ಎಂದು ಬಿಟ್ಟುಬಿಡುವ ಕನ್ನಡದ ಮನೆಗಳನ್ನು ಕಂಡಿದ್ದೇನೆ. ಬಿಡಬೇಡಿ. ಅಮ್ಮ ಸಾರು ಮಾಡಿ ಕೊಡಬಲ್ಲರು, ಗರ್ಭಕೋಶ ಎಷ್ಟು ಇಳಿದಿದೆ, ಮಗುವಿನ ಕಾಮಾಲೆ ಎಷ್ಟು ಏರಿದೆ ಎಂದು ನೋಡಲು ಕಲಿತವರೇ ಬೇಕು.

ಅಮ್ಮನ ವಿಷಯ ಬಂತು. ಅವರಿಗೆ ಸಿಗುವುದು 90 ದಿನದ ಷೆಂಗೆನ್ ವೀಸಾ, ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ನಿಗದಿತ ದಿನಕ್ಕೆ ಎರಡು ವಾರ ಮುಂಚೆ ಬರುವ ಹಾಗೆ ಟಿಕೆಟ್ ಮಾಡಿಸಿ. ಹೆರಿಗೆಯ ಕೋಣೆಯಲ್ಲಿ ಅವರು ಇರಬೇಕೋ ಬೇಡವೋ ಎಂಬುದನ್ನು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಮಾತಾಡಿ ಮುಗಿಸಿ. ಮಗಳು ನರಳುವುದನ್ನು ಕೇಳುತ್ತಾ, ಸೂಲಗಿತ್ತಿ ಮೂಲೆಯಲ್ಲಿ ಕೂತು ಸುಮ್ಮನೆ ಚಹಾ ಕುಡಿಯುವುದನ್ನು ನೋಡುವುದು ಯಾವ ತಾಯಿಗೂ ಸುಲಭವಲ್ಲ. ಸೂಲಗಿತ್ತಿ ಕೈ ಕಟ್ಟಿ ಕೂತಿದ್ದಾರೆ ಎಂದರೆ ಎಲ್ಲ ಚೆನ್ನಾಗಿ ನಡೆದಿದೆ ಎಂದರ್ಥ ಎಂದು ನಾನು ಅಮ್ಮನಿಗೆ ಮೊದಲೇ ಹೇಳಿರಲಿಲ್ಲ. ಎರಡನೆಯ ಸಲ ಹೇಳಿದ್ದೆ. ಅವರು ಕೆಳಗಿನ ಅಡುಗೆಮನೆಯಲ್ಲಿ ದೇವರ ದೀಪ ಹಚ್ಚಿಟ್ಟು, ದೊಡ್ಡ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

34ರಿಂದ 37ನೇ ವಾರ: ಮನೆ ಸಜ್ಜು ಮಾಡುವುದು

37 ವಾರ ತುಂಬುವಷ್ಟರಲ್ಲಿ ಎಲ್ಲ ಸಿದ್ಧವಾಗಿರಬೇಕು. ಆಸ್ಪತ್ರೆಯಲ್ಲಿ ಹೆರುವವರೂ ಇದನ್ನೆಲ್ಲ ಮಾಡಿಕೊಳ್ಳಬೇಕು. ಕೆಲವೊಮ್ಮೆ ಮಗು ಕಾಯುವುದಿಲ್ಲ, ಬಾಣಂತನವಂತೂ ಮನೆಯಲ್ಲೇ.

ಮಂಚದಿಂದ ಶುರು ಮಾಡಿ. ಹಾಸಿಗೆಯ ಮೇಲ್ಭಾಗ ನೆಲದಿಂದ 70ರಿಂದ 80 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಇದು ಸೂಲಗಿತ್ತಿ, ಸಹಾಯಕಿಯ ಬೆನ್ನಿಗಾಗಿ ಇರುವ ನಿಯಮ. ಎತ್ತರಿಸುವ ದಿಮ್ಮಿಗಳು ಆರೈಕೆ ಸಾಮಗ್ರಿಯ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಮಂಚದ ಕನಿಷ್ಠ ಎರಡು ಬದಿಗೆ ಓಡಾಡಲು ಜಾಗ ಬಿಡಿ. ಐಕಿಯಾದ ತಗ್ಗು ಮಂಚವನ್ನು ಗೋಡೆಗೆ ತಾಗಿಸಿಟ್ಟಿದ್ದ ನಮ್ಮ ಮನೆಯಲ್ಲಿ ಇದಕ್ಕೇ ಒಂದು ಭಾನುವಾರ ಹೋಯಿತು.

ವಿಮಾ ಕಂಪನಿ ಅನೇಕ ವೇಳೆ ‘ಕ್ರಾಮ್‌ಪ್ಯಾಕೆಟ್’ ಎಂಬ ಪೆಟ್ಟಿಗೆ ಕಳುಹಿಸುತ್ತದೆ: ಹೀರುವ ಹಾಸುಗಳು, ದಪ್ಪ ಪ್ಯಾಡ್‌ಗಳು, ಹತ್ತಿಬಟ್ಟೆ, ಹೊಕ್ಕುಳಬಳ್ಳಿಯ ಕ್ಲಿಪ್, ಮದ್ಯಸಾರ. ಅದರಲ್ಲಿ ಬರದ ಸಾಮಾನುಗಳಿವು:

- ಲೋಹದ ಎರಡು ಬಿಸಿನೀರಿನ ಬಾಟಲಿ, ಅವಕ್ಕೆ ಬಟ್ಟೆಯ ಚೀಲ. ತಲೆಕೆಳಗು ಹಿಡಿದು ಸೋರುವುದಿಲ್ಲವೇ ನೋಡಿ. ತೊಟ್ಟಿಲಿನಲ್ಲಿ ಮಗುವಿಗೂ ಅದಕ್ಕೂ ನಡುವೆ ಒಂದು ಗೇಣಿನಷ್ಟಾದರೂ ಅಂತರ ಇರಲಿ.
- ಹಳೆಯ ಟವೆಲ್‌ಗಳು ಹತ್ತು, ಮಗುವಿಗೆ ತೆಳು ಹತ್ತಿಬಟ್ಟೆ ಒಂದು ಡಜನ್. ಊರಿನಿಂದ ಬರುವ ಹಳೆಯ ಮಲ್ಲು ಪಂಚೆಯ ತುಂಡುಗಳು ಇದಕ್ಕೆ ಹೇಳಿಮಾಡಿಸಿದಂತಿರುತ್ತವೆ.
- ಎರಡು ಬಕೆಟ್, ದೊಡ್ಡ ಕಸದ ಚೀಲಗಳು, ಡಿಜಿಟಲ್ ಥರ್ಮಾಮೀಟರ್.
- ಹೊಲಿಗೆ ಹಾಕುವಾಗ ಹಿಡಿಯಲು ಪ್ರಖರವಾದ ಟೇಬಲ್ ದೀಪ ಅಥವಾ ಟಾರ್ಚ್.
- ಕೋಣೆಯನ್ನು ಬೆಚ್ಚಗಿಡುವ ವ್ಯವಸ್ಥೆ. ಹುಟ್ಟಿದ ಮಗುವಿಗೆ 25 ಡಿಗ್ರಿಯ ಹತ್ತಿರ ಬೇಕು.

ನೀರಿನ ತೊಟ್ಟಿ ಬೇಕಿದ್ದರೆ ನೆಲ ಆ ಭಾರ ತಡೆಯುತ್ತದೆಯೇ, ನಿಮ್ಮ ಬಿಸಿನೀರಿನ ಯಂತ್ರ ಅಷ್ಟು ನೀರು ಕೊಡುತ್ತದೆಯೇ ಎಂದು ಒಮ್ಮೆ ತುಂಬಿ ನೋಡಿ. ನಮ್ಮ ಯಂತ್ರ ಅರ್ಧ ತೊಟ್ಟಿಗೇ ಕೈಯೆತ್ತಿತು, ಆಸೆ ಬಿಟ್ಟೆವು.

ಹೊರಡುವ ಯೋಜನೆ

ಇಲ್ಲಿ ನಿಧಾನವಾಗಿ ಓದಿ. ಚೊಚ್ಚಲ ಬಸುರಿಯರಲ್ಲಿ ಸೂಲಗಿತ್ತಿಯ ಜೊತೆ ಹೆರಿಗೆ ಶುರು ಮಾಡಿದ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಡುವೆಯೇ ಆಸ್ಪತ್ರೆಗೆ ಹೋಗುತ್ತಾರೆ. ಎರಡನೆಯ ಹೆರಿಗೆಯಿಂದ ಈ ಪ್ರಮಾಣ ಬಹಳ ಇಳಿಯುತ್ತದೆ. ಹೋಗುವವರಲ್ಲಿ ತುರ್ತು ಕಾರಣದವರು ಕೆಲವೇ ಮಂದಿ. ಹೆಚ್ಚಿನವರು ಹೆರಿಗೆ ನಿಧಾನವಾಯಿತು, ನೀರು ಹಸಿರಾಯಿತು, ನೋವು ತಡೆಯಲಾಗಲಿಲ್ಲ ಎಂದು ತಮ್ಮದೇ ಕಾರಿನಲ್ಲಿ ಹೋಗುತ್ತಾರೆ. ಚೊಚ್ಚಲಾದರೆ ನಾಣ್ಯ ಚಿಮ್ಮಿದಂತೆ ಎಂದೇ ತಿಳಿದು ತಯಾರಾಗಿ. ಹೋಗಬೇಕಾಗಿ ಬಂದರೆ ಸೋಲು ಎಂದುಕೊಂಡವರು ತಿಂಗಳುಗಟ್ಟಲೆ ಕೊರಗುವುದನ್ನು ನೋಡಿದ್ದೇನೆ.

ಮನೆಯಿಂದ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹಗಲಿನಲ್ಲಿ, ರಾತ್ರಿಯಲ್ಲಿ, ಮಳೆಯ ಸೋಮವಾರ ಬೆಳಿಗ್ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಾರಿನಲ್ಲಿ ಹೋಗಿ ನೋಡಿ. ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಎಂಬುದನ್ನೂ. ತುರ್ತು ಕರೆ ಹೋದ ಹೊತ್ತಿನಿಂದ ಆಸ್ಪತ್ರೆ ಮುಟ್ಟುವವರೆಗೆ 45 ನಿಮಿಷ ಮೀರಬಾರದು ಎಂಬುದು ಇಲ್ಲಿನ ಮಾನದಂಡ. ಅದರ ಅಂಚಿನಲ್ಲಿರುವ ಹಳ್ಳಿಯಲ್ಲಿದ್ದರೆ ನಿಮ್ಮ ಸೂಲಗಿತ್ತಿಯೊಂದಿಗೆ ಬಿಚ್ಚುಮನಸ್ಸಿನಿಂದ ಮಾತಾಡಿ.

ಮೆಟ್ಟಿಲು ನೋಡಿಕೊಳ್ಳಿ. ಡಚ್ ಮನೆಗಳ ಮೆಟ್ಟಿಲು ನಮ್ಮ ಅಟ್ಟದ ಏಣಿಯಷ್ಟೇ ಕಡಿದು. ಸ್ಟ್ರೆಚರ್ ತಿರುಗದ ಮನೆಗಳಲ್ಲಿ ಅಗ್ನಿಶಾಮಕ ದಳದ ಏಣಿವಾಹನ ಬಂದು ಕಿಟಕಿಯಿಂದ ಇಳಿಸುವುದೂ ಉಂಟು. ಮೆಟ್ಟಿಲ ಮೇಲಿನ ಚಪ್ಪಲಿ, ಹೂಕುಂಡ ತೆಗೆಯಿರಿ. ಕಿಟಕಿ ಪೂರ್ತಿ ತೆರೆಯುವಂತಿರಲಿ. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿದ್ದರೆ ಸೂಲಗಿತ್ತಿಯೇ ಬೇಡ ಎನ್ನಬಹುದು, ವಾದ ಮಾಡಬೇಡಿ. ಮನೆಯ ಸಂಖ್ಯೆ ರಸ್ತೆಯಿಂದ ಕಾಣಬೇಕು, ಹೊರದೀಪ ಉರಿಯಬೇಕು.

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ: ಸೂಲಗಿತ್ತಿಯ ತುರ್ತು ಸಂಖ್ಯೆ, 112, ನಿಮ್ಮ ವಿಳಾಸ, ಮಹಡಿ, ಎಷ್ಟನೆಯ ವಾರ, ಎಷ್ಟನೆಯ ಹೆರಿಗೆ. ಅಮ್ಮನೂ ಓದಿ ಹೇಳುವಂತೆ ಡಚ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೆವು. ಆಸ್ಪತ್ರೆಯ ಚೀಲ ಬಾಗಿಲ ಬಳಿ ಇರಲಿ, ಮಗುವಿನ ಕಾರ್ ಸೀಟು ಕೂಡ. ಅದಿಲ್ಲದೆ ಮಗುವನ್ನು ಕಾರಿನಲ್ಲಿ ಮನೆಗೆ ತರುವಂತಿಲ್ಲ. ದೊಡ್ಡ ಮಗುವಿದ್ದರೆ ನಡುರಾತ್ರಿ ಬರಬಲ್ಲ ಇಬ್ಬರ ಹೆಸರು ಗೊತ್ತಿರಲಿ. ಒಬ್ಬರು ಸಾಲದು, ಅವರೂ ಊರಿಗೆ ಹೋಗಿರುತ್ತಾರೆ.

ಹೆರಿಗೆಯ ಇಷ್ಟಾನಿಷ್ಟಗಳನ್ನು ಒಂದೇ ಪುಟದಲ್ಲಿ ಬರೆಯಿರಿ. ಅರ್ಧ ಪುಟ ಮನೆಗೆ, ಅರ್ಧ ಪುಟ ಆಸ್ಪತ್ರೆಗೆ. ನಾನು ಮೊದಲ ಸಲ ನಾಲ್ಕು ಪುಟ ಬರೆದಿದ್ದೆ, ಎಲ್ಲವೂ ಮನೆಯದೇ. ಆಸ್ಪತ್ರೆ ತಲುಪಿದಾಗ ಹೇಳಲು ಒಂದು ಸಾಲೂ ಇರಲಿಲ್ಲ.

ಹೆರಿಗೆಯ ದಿನ

ಯಾವಾಗ ಫೋನ್ ಮಾಡಬೇಕು ಎಂಬ ಚೀಟಿಯನ್ನು ಕ್ಲಿನಿಕ್ಕೇ ಕೊಡುತ್ತದೆ. ಸಾಮಾನ್ಯವಾಗಿ ಚೊಚ್ಚಲಾದರೆ, ನಾಲ್ಕೈದು ನಿಮಿಷಕ್ಕೊಮ್ಮೆ, ಒಂದೊಂದೂ ಒಂದು ನಿಮಿಷದಷ್ಟು ಉದ್ದದ ನೋವು ಒಂದು ಗಂಟೆಯಿಂದ ಬರುತ್ತಿದ್ದಾಗ. ಎರಡನೆಯದಾದರೆ ಅದಕ್ಕಿಂತ ಬೇಗ. ಆದರೆ ಕೆಲವಕ್ಕೆ ಗಡಿಯಾರ ನೋಡುವಂತಿಲ್ಲ, ತಕ್ಷಣ ಫೋನ್: ನೀರು ಹಸಿರು ಅಥವಾ ಕಂದು, ಮಗುವಿನ ತಲೆ ಇನ್ನೂ ಕೆಳಗಿಳಿದಿಲ್ಲ ಎಂದು ಹೇಳಿದ್ದಾಗ ನೀರು ಒಡೆದರೆ (ಮಲಗಿಕೊಂಡೇ ಫೋನ್ ಮಾಡಿ), ಮುಟ್ಟಿನಂತೆ ರಕ್ತ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, 37 ವಾರಕ್ಕೆ ಮೊದಲು ಏನೇ ಶುರುವಾದರೂ. ನೀರು ತಿಳಿಯಾಗಿದ್ದು ನೋವಿಲ್ಲದಿದ್ದರೆ ಬೆಳಗಾಗುವವರೆಗೆ ಕಾಯಿರಿ ಎನ್ನಬಹುದು. ಪ್ಯಾಡ್ ಎಸೆಯದೆ ಇಟ್ಟಿರಿ, ಬಣ್ಣ ನೋಡಬೇಕು.

ಸೂಲಗಿತ್ತಿ ಬಂದು ನೋಡಿ, ಇನ್ನೂ ಹೊತ್ತಿದೆ ಎಂದು ವಾಪಸು ಹೋಗುವುದು ಸಾಮಾನ್ಯ. ಗಾಬರಿಯಾಗಬೇಡಿ. ಗಂಡ ಆ ಹೊತ್ತಿನಲ್ಲಿ ಮಾಡಬೇಕಾದ್ದು: ತಿನ್ನಲು ಕೊಡುವುದು, ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸುವುದು, ಸೊಂಟ ಒತ್ತುವುದು, ಊರಿನಿಂದ ಬರುವ ಫೋನ್‌ಗಳನ್ನು ತಡೆಯುವುದು. ಕೊನೆಯದೇ ಕಷ್ಟ. ನಾನು ಮೊಸರನ್ನ, ಖರ್ಜೂರ, ಬೆಲ್ಲದ ಪಾನಕದ ಮೇಲೆ ರಾತ್ರಿ ಕಳೆದೆ.

ಹೆರಿಗೆ ಬಲವಾಗಿ ಹಿಡಿದ ಮೇಲೆ ಸೂಲಗಿತ್ತಿ ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವ ಡಾಪ್ಲರ್‌ನಿಂದ ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳುತ್ತಾರೆ. ಮಗುವನ್ನು ಹೊರತಳ್ಳಲು ಮುಕ್ಕುವ ಹಂತದಲ್ಲಿ ಪ್ರತಿ ನೋವಿನ ನಂತರವೂ. ಮಲಗಿಯೇ ಹೆರಬೇಕೆಂದಿಲ್ಲ. ಹೆರಿಗೆಯ ಕುರ್ಚಿ ಅವರೇ ತರುತ್ತಾರೆ. ನಮ್ಮಜ್ಜಿ ಹಗ್ಗ ಹಿಡಿದು ಕುಕ್ಕರಗಾಲಿನಲ್ಲಿ ಹೆತ್ತದ್ದನ್ನು ಹೇಳಿದಾಗ ಸೂಲಗಿತ್ತಿಗೆ ಆಶ್ಚರ್ಯವೇ ಆಗಲಿಲ್ಲ, ಹಗ್ಗ ಎಲ್ಲಿ ಕಟ್ಟಬಹುದೆಂದು ಚಾವಣಿ ನೋಡಿದರು.

ಅವರು ‘ಈಗ ಹೋಗೋಣ’ ಎಂದರೆ, ಏಕೆ ಎಂದು ಒಂದು ವಾಕ್ಯದಲ್ಲಿ ಕೇಳಿ, ಚಪ್ಪಲಿ ಹಾಕಿಕೊಳ್ಳಿ. ಚರ್ಚೆಯೆಲ್ಲ ಮುಗಿದಿರಬೇಕಾದದ್ದು ಬಸುರಿನ ತಿಂಗಳುಗಳಲ್ಲಿ.

ಮಗು ಬಂದ ಕೂಡಲೇ ಒರೆಸಿ ನಿಮ್ಮ ಎದೆಯ ಮೇಲೆ ಹಾಕುತ್ತಾರೆ. ಮಾಸು ಬೀಳಲು ಒಂದು ಗಂಟೆಯವರೆಗೆ ಕಾಯುತ್ತಾರೆ, ರಕ್ತ ಹೆಚ್ಚು ಹೋಗದಂತೆ ತೊಡೆಗೆ ಚುಚ್ಚುಮದ್ದು ಕೊಡುತ್ತಾರೆ. ಹೋದ ರಕ್ತವನ್ನು ತೂಕ ಮಾಡಿ ಲೆಕ್ಕ ಹಾಕುತ್ತಾರೆ. ಒಂದು ಲೀಟರ್ ದಾಟಿದರೆ, ಅಥವಾ ಮಾಸು ಬೀಳದಿದ್ದರೆ, ಮಗುವನ್ನು ಎತ್ತಿಕೊಂಡೇ ಆಂಬುಲೆನ್ಸ್ ಹತ್ತಬೇಕಾಗುತ್ತದೆ. ಮಾಸನ್ನು ಏನು ಮಾಡಬೇಕೆಂದು ನಿಮ್ಮನ್ನೇ ಕೇಳುತ್ತಾರೆ. ನಾವು ಹಿತ್ತಲಲ್ಲಿ ಆಳವಾಗಿ ಹೂತು ಮೇಲೊಂದು ಸೇಬಿನ ಗಿಡ ನೆಟ್ಟೆವು. ಊರಿನಲ್ಲಾದರೆ ತೆಂಗು.

ಆಮೇಲಿನ ಎಂಟು ದಿನ

ಮಗು ಹುಟ್ಟಿದ ಮನೆಯಲ್ಲಿ ಡಚ್ಚರು ಬಂದವರಿಗೆಲ್ಲ ‘ಮೌಶೆಸ್’ ಕೊಡುತ್ತಾರೆ. ಗುಂಡನೆಯ ರಸ್ಕಿಗೆ ಬೆಣ್ಣೆ ಸವರಿ, ಸಕ್ಕರೆ ಪಾಕ ಹಿಡಿಸಿದ ಸೋಂಪಿನ ಕಾಳು ಉದುರಿಸಿದ್ದು. ಪದದ ಅರ್ಥ ಇಲಿಮರಿಗಳು. ಸೋಂಪು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಎಂಬ ನಂಬಿಕೆ ಇಲ್ಲಿಯೂ ಇತ್ತೆಂದು ಕೇಳಿ ಅಮ್ಮ ತಮ್ಮ ಡಬ್ಬಿಯಿಂದ ಸಬ್ಬಸಿಗೆ ಕಾಳು ತೆಗೆದು ಸಹಾಯಕಿಯ ಅಂಗೈಗೆ ಹಾಕಿದರು. ಅಲ್ಲಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಎಲ್ಲದರಲ್ಲೂ ಆಗಲಿಲ್ಲ. ಸಾಂಬ್ರಾಣಿ ಹೊಗೆಗೆ ಮನೆಯ ಹೊಗೆಸೂಚಕ ಕಿರುಚಿತು, ಸಹಾಯಕಿ ಮಗುವಿನ ಶ್ವಾಸಕ್ಕೆ ಇದು ಬೇಡವೆಂದರು. ಅವರ ಮಾತು ಸರಿ. ಮಗುವಿನ ನಾಲಿಗೆಗೆ ಜೇನು ತಾಗಿಸುವುದು, ಬಜೆ ತೇಯ್ದು ಹಾಕುವುದು, ಕಣ್ಣಿಗೆ ಕಾಡಿಗೆ, ಇವನ್ನೂ ಬಿಟ್ಟೆವು. ಜೇನಂತೂ ಒಂದು ವರ್ಷದವರೆಗೆ ಬೇಡವೇ ಬೇಡ, ಅದರಿಂದ ಎಳೆಗೂಸಿಗೆ ಗಂಭೀರ ವಿಷಬಾಧೆ ಆಗಬಹುದು. ಮಗುವನ್ನು ಅಂಗಾತ ಮಲಗಿಸಬೇಕು, ದಿಂಬು, ದಪ್ಪ ರಗ್ಗು ಬೇಡ. ತಾಯಿಗೆ ಎಣ್ಣೆ ಹಚ್ಚುವುದಕ್ಕೆ, ಬಿಸಿನೀರು ಎರೆಯುವುದಕ್ಕೆ, ಮೆಣಸಿನ ಸಾರಿಗೆ ಯಾರದೂ ಅಡ್ಡಿ ಇರಲಿಲ್ಲ. ನೀರು ಕಡಿಮೆ ಕುಡಿಯಬೇಕೆಂಬ ಅಮ್ಮನ ನಿಯಮಕ್ಕೆ ಮಾತ್ರ ಸಹಾಯಕಿ ದಿನಕ್ಕೆ ನಾಲ್ಕು ಸಲ ಲೋಟ ತಂದಿಟ್ಟು ಉತ್ತರ ಕೊಟ್ಟರು.

ಸೂಲಗಿತ್ತಿ ಈ ವಾರದಲ್ಲಿ ಹಲವು ಸಲ ಬಂದುಹೋಗುತ್ತಾರೆ. ಜ್ವರ 38 ಡಿಗ್ರಿ ದಾಟಿದರೆ, ಒಂದು ಗಂಟೆಯೊಳಗೆ ಪ್ಯಾಡ್ ತುಂಬಿ ತೊಯ್ದರೆ, ಮೀನಖಂಡ ಕೆಂಪಾಗಿ ನೋಯುತ್ತಿದ್ದರೆ, ಮಗು ಹಾಲಿಗೆ ಏಳದಿದ್ದರೆ ಅವರ ಭೇಟಿಗೆ ಕಾಯದೆ ಫೋನ್ ಮಾಡಿ.

ಕಾಗದಪತ್ರ

ಮಗು ಹುಟ್ಟಿದ ಊರಿನ ಪುರಸಭೆಯಲ್ಲಿ ಮೂರು ದಿನದೊಳಗೆ ಜನನ ನೋಂದಣಿ ಆಗಬೇಕು. ಇದು ಗಂಡನ ಕೆಲಸ, ಪಾಸ್‌ಪೋರ್ಟ್ ಮತ್ತು ಮದುವೆ ಪ್ರಮಾಣಪತ್ರ ಹಿಡಿದು ಹೋಗಲಿ. ಅಂತಾರಾಷ್ಟ್ರೀಯ ನಮೂನೆಯ ಜನನ ಪತ್ರವನ್ನೂ ಆಗಲೇ ಕೇಳಿ ಪಡೆಯಲಿ. ಅಷ್ಟರೊಳಗೆ ಹೆಸರು ನಿರ್ಧಾರವಾಗಿರಬೇಕು, ಹನ್ನೊಂದನೆಯ ದಿನದ ನಾಮಕರಣಕ್ಕೆ ಕಾಯಲು ಡಚ್ ಸರ್ಕಾರ ಒಪ್ಪುವುದಿಲ್ಲ. ನೋಂದಣಿಯಾದರೆ ಹಿಮ್ಮಡಿಯ ರಕ್ತಪರೀಕ್ಷೆಗೆ ಆರೋಗ್ಯ ಇಲಾಖೆಯವರು ತಾವೇ ಮನೆಗೆ ಬರುತ್ತಾರೆ. ಹುಟ್ಟಿ ಮೂರು ದಿನ ತುಂಬಿದ ಮೇಲೆ, ಒಂದು ವಾರದೊಳಗೆ.

ಮಗುವಿನ ಹೆಸರನ್ನು ವಿಮೆಗೆ ಸೇರಿಸಲು ನಾಲ್ಕು ತಿಂಗಳ ಕಾಲಾವಕಾಶವಿದೆ. ಇಬ್ಬರೂ ಭಾರತೀಯ ಪ್ರಜೆಗಳಾಗಿದ್ದರೆ, ಹೇಗ್ ನಗರದಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ಜನನವನ್ನು ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು, ಇಲ್ಲಿನ ವಲಸೆ ಇಲಾಖೆಯಲ್ಲಿ ಮಗುವಿನ ವಾಸದ ಪರವಾನಗಿಗೂ ಅರ್ಜಿ ಹಾಕಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಡಚ್ ಪ್ರಜೆ ಆಗುವುದಿಲ್ಲ.

ಮಂಚದ ದಿಮ್ಮಿಗಳನ್ನು ಬಾಡಿಗೆ ಅಂಗಡಿಗೆ ಹಿಂತಿರುಗಿಸುವ ದಿನಾಂಕವನ್ನು ಗಂಡನ ಮೊಬೈಲಿನಲ್ಲಿ ಈಗಲೇ ಹಾಕಿಡಿ. ನಾವು ಎರಡು ಸಲವೂ ಮರೆತು, ಎರಡು ಸಲವೂ ದಂಡ ಕಟ್ಟಿದ್ದೇವೆ.